ಫ್ಲೇವಿಯಾಳ ಕೈಚಳಕ

ಆ ಫುಟ್‌ಬಾಲ್ ಕ್ಲಬ್ಬಿನ ಮೀಸಲು ತಂಡದಲ್ಲಿ ಮೂವತ್ತು ತುಂಬಿದವರು ತಮ್ಮ ಕೈಚಳಕವನ್ನು ಅಕಾಡೆಮಿಯ ಎಳೆಯರಿಗೆ ದಾಟಿಸಿ ಹೊರಡುವುದು ರೂಢಿ. ಗೋಲ್‌ಕೀಪರ್ ಫ್ಲೇವಿಯಾಳ ಸರದಿ ಬಂದ ಬೆಳಿಗ್ಗೆ, ನರ್ಸು ಅವಳ ತಲೆಗೂ ಹದಿನಾರರ ಮಿಸ್ರಿಯಾಳ ತಲೆಗೂ ಒಂದೊಂದು ಟೋಪಿ ತೊಡಿಸಿ ನಡುವೆ ತಂತಿ ಸಿಕ್ಕಿಸಿದಳು. ವರ್ಷಗಟ್ಟಲೆ ಬೆಂಚು ಕಾದ ಫ್ಲೇವಿಯಾ ಮುಖ್ಯ ತಂಡಕ್ಕೆ ಒಂದು ಪಂದ್ಯವನ್ನೂ ಆಡಿರಲಿಲ್ಲ.

“ನಿಮಗೆ ಎಂತದೂ ಉಳಿಯುದಿಲ್ವಾ ಅಕ್ಕ?” ಎಂದು ಮಿಸ್ರಿಯಾ ಅಳುಕುತ್ತ ಕೇಳಿದಳು.

“ಆಡಿದ್ದೆಲ್ಲ ನೆನಪಿರ್ತದೆ ಮಾರಾಯ್ತಿ. ಕೈಗೆ ಮಾತ್ರ ಮರ್ತುಹೋಗ್ತದೆ.”

“ಬೇಡ ಅನ್ಲಿಕ್ಕೆ ಈಗಲೂ ಆಗ್ತದೆ,” ಎಂದಳು ನರ್ಸು.

ಫ್ಲೇವಿಯಾ ತನ್ನ ಅಂಗೈಗಳನ್ನೊಮ್ಮೆ ನೋಡಿಕೊಂಡು, “ಶುರು ಮಾಡಿ,” ಎಂದಳು.

ಮಧ್ಯಾಹ್ನ ಮೈದಾನದಲ್ಲಿ ಕೋಚ್ ಬಂಗೇರ ಗೋಲಿನ ಮೂಲೆಗೆ ಬೀಸಿ ಒದ್ದರು. ಮಿಸ್ರಿಯಾ ಎಡಕ್ಕೆ ಹಾರಿ ಚೆಂಡನ್ನು ಎದೆಗವಚಿಕೊಂಡಳು. ತಾನು ಹಾರುತ್ತಿದ್ದುದು ಇಷ್ಟು ಚೆಂದವಿತ್ತೇ ಎಂದುಕೊಳ್ಳುತ್ತ ಫ್ಲೇವಿಯಾ ಗೋಲಿನ ಹತ್ತಿರ ನಡೆದಳು. ಮಿಸ್ರಿಯಾ ಅವಳತ್ತ ಮೆಲ್ಲನೆ ಎಸೆದ ಚೆಂಡು ಬೆರಳ ಸಂದಿಯಿಂದ ಜಾರಿ ಉರುಳಿತು.

ಮಿಸ್ರಿಯಾಳ ಕಣ್ಣುಗಳು ತುಂಬಿದವು. ಫ್ಲೇವಿಯಾ ಚೆಂಡನ್ನು ಹೆಕ್ಕಿ ತಂದು ಅವಳ ಪಕ್ಕದಲ್ಲೇ ನಿಂತಳು.

“ಇದನ್ನು ಹಿಡಿಯುದು ಹೇಗೆ? ನನಗೂ ಸ್ವಲ್ಪ ಹೇಳಿಕೊಡು.”

ಮಿಸ್ರಿಯಾ ಕಣ್ಣೊರೆಸಿಕೊಂಡು, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೆಂಡಿನ ಹಿಂದೆ ಇಟ್ಟಳು.