ಏಕಾದಶಿಯ ಮೊಸರನ್ನ

ಏಕಾದಶಿಯ ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಎದ್ದ ತಿರುಮಲರಾಯರು ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತರು.

"ತಲೆ ಸುತ್ತುತ್ತಾ ಇದೆ ಅಂಬುಜಾ. ಒಂದು ಹಿಡಿ ಮೊಸರನ್ನ ಸಿಕ್ಕಿದ್ದರೆ..."

ಅಂಬುಜಮ್ಮ ಗಾಬರಿಯಾದರು. ವಡಪಳನಿಯ ಆ ಮನೆಯಲ್ಲಿ ಏಕಾದಶಿ ದಿನ ಅನ್ನ ಬೆಂದದ್ದೇ ಇಲ್ಲ. ಗಂಡ ಉಪವಾಸವಿದ್ದರೆ ಹೆಂಡತಿಯೂ ಉಪವಾಸ. ಮದುವೆಯಾದಾಗಿನಿಂದ ನಡೆದು ಬಂದ ರೀತಿ. ಆದರೆ ಈಗ ಮನೆಯೊಳಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದು ಕೂತಿತ್ತು.

ಹೋದ ವಾರ ಗಂಡ ಹೆಂಡತಿ ಇಬ್ಬರೂ ಡಾಕ್ಟರ್ ವಿಘ್ನೇಶ್ ಮುಂದೆ ಕೂತಿದ್ದರು. "ಊಟ ನಿಲ್ಲಿಸಿದರೆ ಗಡ್ಡೆಯೂ ಹಸಿದು ಸಾಯೋದಿಲ್ಲವೇ?" ಎಂದು ರಾಯರೇ ಕೇಳಿದ್ದರು.

"ಅದು ಭಾರಿ ಕಿಲಾಡಿ ಸಾರ್. ಹೊರಗಿಂದ ಊಟ ಬರದಿದ್ದರೆ ಆ ಜೀವಕೋಶ ತನ್ನೊಳಗಿನ ಹಳೇ ಸಾಮಾನನ್ನೇ ಅರೆದು ತಿಂದು ಬದುಕುತ್ತೆ. ಸೊರಗೋದು ಮನುಷ್ಯರು, ಅದಲ್ಲ. ಆ ಒಳಗಿನ ಅಡುಗೆಮನೆಗೆ ಬೀಗ ಬೀಳುತ್ತಾ ಅಂತ ಒಂದು ಮಾತ್ರೇನ ಕೀಮೋ ಜೊತೆ ಪರೀಕ್ಷೆ ಮಾಡ್ತಾ ಇದ್ದೀವಿ. ತೂಕ ಇನ್ನೂ ಇಳಿದರೆ ಎರಡನ್ನೂ ನಿಲ್ಲಿಸಬೇಕಾಗುತ್ತೆ. ಪಟ್ಟಿನಿ, ಉಪವಾಸ ಅಂತ ಇರಲೇ ಕೂಡದು."

ಇಬ್ಬರೂ ತಲೆಯಾಡಿಸಿದ್ದರು. ಮನೆಗೆ ಬಂದ ಮೇಲೆ ವ್ರತ ಬಿಡುವ ಮಾತನ್ನು ಯಾರೂ ಎತ್ತಿರಲಿಲ್ಲ.

ಅಂಬುಜಮ್ಮ ತಲೆಗೆ ಸೆರಗು ಬಿಗಿದು, ಅಡುಗೆ ಕಟ್ಟೆಗೆ ಆನಿಕೊಂಡು ಅನ್ನ ಮಾಡಿದರು. ತಟ್ಟೆ ಮುಂದಿಟ್ಟರೆ ರಾಯರು ಮುಟ್ಟಲಿಲ್ಲ.

"ನೀನೂ ಹಾಕ್ಕೋ. ಪಾಪ ಬಂದರೆ ಇಬ್ಬರಿಗೂ ಸಮಪಾಲು."

"ಇಷ್ಟು ವರ್ಷ ಯಾವುದರಲ್ಲೂ ಕೊಡದ ಪಾಲು ಇವತ್ತು ನೆನಪಾಯ್ತೇನು?"

"ನೀನು ತಿನ್ನದಿದ್ದರೆ ನನಗೂ ಬೇಡ. ನಾನು ಬಿದ್ದರೆ ಎತ್ತೋಕೆ ಸೊಸೇನ ಕರಿ."

ಅಂಬುಜಮ್ಮ ಗೊಣಗುತ್ತ ಎದುರು ಕೂತರು. ತಲೆ ತಗ್ಗಿಸಿ ಒಂದೊಂದೇ ತುತ್ತು ನುಂಗಿದರು. ತಲೆಯೆತ್ತುವ ಹೊತ್ತಿಗೆ ಗಂಡನ ತಟ್ಟೆ ಬರಿದಾಗಿತ್ತು. ಸಮಾಧಾನವಾಗಿ ಹೋಗಿ ಮಲಗಿದರು.

ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದ ಸೊಸೆ ಶ್ರೀವಿದ್ಯಾ ಬಾಗಿಲಲ್ಲೇ ನಿಂತಳು. ರಾಯರು ನೆಟ್ಟಗೆ ನಿಂತಿದ್ದರು. ಹೆಗಲ ಟವೆಲಿನ ಗಂಟು ಬಿಚ್ಚಿ ಕಾಗೆಗಳಿಗೆ ಮೊಸರನ್ನ ಹಾಕುತ್ತಿದ್ದರು.

"ಮಾವಾ, ಒಂದು ಅಗುಳೂ ಬಾಯಿಗೆ ಹೋಗಿಲ್ಲ ತಾನೇ? ಅತ್ತೆಗೆ ತಿಳಿದರೆ?"

"ನೀನು ಹೇಳಿದರೆ ತಾನೇ ತಿಳಿಯೋದು? ಮುಂದಿನ ಏಕಾದಶಿಗೂ ಇದು ನಡೀಬೇಕಮ್ಮಾ. ನಾಳೆ ನಿನಗೆ ಕಾಫಿ ನಾನೇ ಮಾಡ್ತೀನಿ."

"ಡಿಕಾಕ್ಷನ್ ಗಟ್ಟಿಯಾಗಿರಲಿ," ಎಂದು ಶ್ರೀವಿದ್ಯಾ ಬಕೆಟ್ಟು ಅಲ್ಲೇ ಇಟ್ಟು ಒಳಗೆ ಹೋದಳು.

ವಾರದ ಕೊನೆಗೆ ಆಸ್ಪತ್ರೆಯಲ್ಲಿ ನರ್ಸ್ ತೂಕಕ್ಕೆ ಕರೆದಳು. ಗಂಡ ಹೆಂಡತಿ ಇಬ್ಬರೂ ಎದ್ದರು.

ರಾಯರು ಬಗ್ಗಿ ಹೆಂಡತಿಯ ಚಪ್ಪಲಿ ಎತ್ತಿಕೊಂಡು ಪಕ್ಕಕ್ಕೆ ಸರಿದರು. ತೂಕದ ಯಂತ್ರ ಹತ್ತಿದ ಅಂಬುಜಮ್ಮನ ತೂಕ ಹೋದ ಸಲಕ್ಕಿಂತ ಚೂರೂ ಇಳಿದಿರಲಿಲ್ಲ.