ನಾಲ್ಕನೇ ಗುಂಪಿನ ನುಣುಪು ಕಾಲು

ಆ ಮನುಷ್ಯ ಕಾಲು ಬೋಳಿಸಿಕೊಂಡಿದ್ದ.

ಹಲ್ಲಿನ ಡಾಕ್ಟರು ಬಗ್ಗಿ ಇನ್ನೊಮ್ಮೆ ನೋಡಿದರು. ಹೌದು, ತೊಡೆಯಿಂದ ಪಾದದವರೆಗೆ ಒಂದೇ ಒಂದು ಕೂದಲಿಲ್ಲ. ಗಾಳಿ ತಡೆಯದಿರಲಿ, ಬಿದ್ದರೆ ಗಾಯ ಬೇಗ ಒಣಗಲಿ ಎಂದು ಮೊದಲೇ ಲೆಕ್ಕ ಹಾಕಿ ಬೋಳಿಸಿದ, ಪಳಗಿದ ರೇಸು ಸವಾರನ ಕಾಲು. ಅದರಡಿಗೆ ಎರಡೇ ಬೆರಳಲ್ಲಿ ಎತ್ತಬಹುದಾದ ಸೈಕಲ್ಲು. ಅಂಥವನು ಬಂದು ನಿಂತಿದ್ದು ಎಲ್ಲಿ? ಕೊನೆಯ ಗುಂಪಿನ ಕೊನೆಯ ಸಾಲಿನಲ್ಲಿ, ಹೊಟ್ಟೆಯನ್ನು ಹ್ಯಾಂಡಲಿನ ಮೇಲೆ ಇಳಿಬಿಟ್ಟಿದ್ದ ಬೇಕರಿಯವನ ಪಕ್ಕದಲ್ಲಿ.

“ಒಂದು ದಿನದ ಲೈಸೆನ್ಸಂತೆ,” ಎಂದ ಬೇಕರಿಯವ. “ಪಾಪ, ಹೊಸಬ.”

“ಹೊಸಬನ ಕಾಲು ಹಾಗಿರಲ್ಲ ಕಣಯ್ಯ.”

ಆ ಸೈಕಲ್ ಕ್ಲಬ್ಬಿನ ನಿಯಮ ಸರಳ. ಲೈಸೆನ್ಸಿನಲ್ಲಿ ಒಂದರಿಂದ ನಾಲ್ಕರವರೆಗೆ ದರ್ಜೆ. ಒಂದನೇ ದರ್ಜೆಯ ಚಿರತೆಗಳು ಎಲ್ಲರಿಗಿಂತ ಮುಂಚೆ ಹೊರಡುತ್ತವೆ. ಆಮೇಲೆ ಎರಡು, ಮೂರು. ಬಿಸಿಲೇರಿದ ಮೇಲೆ ನಾಲ್ಕನೆಯ ಆಮೆಗಳು. ಒಂದು ದಿನದ ಲೈಸೆನ್ಸು ತೆಗೆದುಕೊಂಡು ಬಂದವನಿಗೆ ಹಿಂದಿನ ಫಲಿತಾಂಶವೇ ಇರುವುದಿಲ್ಲವಾದ್ದರಿಂದ ಅವನೂ ಆಮೆಯೇ. ಒಂದು ರೇಸು ಗೆದ್ದರೆ ಮುಂದಿನದಕ್ಕೆ ಒಂದು ಗುಂಪು ಮೇಲೆ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವರು ಕ್ಲಬ್ಬಿನ ಫಲಿತಾಂಶಗಳ ಲೆಕ್ಕ ಇಡುವ ಮೇಡಂ. ಗೆಲ್ಲದಿದ್ದರೂ ಸರಿ, ಕಾಲಲ್ಲಿ ಕಸುವಿದೆ ಎಂದು ಅವರಿಗೆ ಮನವರಿಕೆಯಾದರೆ ಸಾಕು, ಯಾರನ್ನು ಬೇಕಾದರೂ ಎಷ್ಟು ಮೇಲಕ್ಕೆ ಬೇಕಾದರೂ ಎತ್ತಿ ಹಾಕಿಬಿಡುತ್ತಿದ್ದರು.

ಮುಂದಿನ ವಾರ ಸೀಸನ್ನಿನ ಕೊನೆಯ ರೇಸು, ಪ್ರತಿ ಗುಂಪಿನಲ್ಲಿ ಗೆದ್ದವರಿಗೆ ಬೆಳ್ಳಿ ಕಪ್ಪು ಕೊಡುವ ರೇಸು. ನಾಲ್ಕನೇ ಗುಂಪಿನ ಕಪ್ಪು ಎರಡು ವರ್ಷದಿಂದ ಡಾಕ್ಟರದೇ. ಪ್ರತಿ ಸಲ ಗೆದ್ದ ಮೇಲೆ ಅವರನ್ನು ಮೂರನೇ ಗುಂಪಿಗೆ ಏರಿಸುತ್ತಿದ್ದರು. ಅಲ್ಲಿ ಡಾಕ್ಟರು ಮಂಡಿ ನೋವೆಂದು ನರಳುತ್ತ, ಒಂದಾದ ಮೇಲೊಂದು ರೇಸಿನಲ್ಲಿ ಕೊನೆಯವರಾಗಿ ಬಂದು, ಮತ್ತೆ ಆಮೆಗಳ ಮಡಿಲಿಗೇ ಮರಳುತ್ತಿದ್ದರು. ಈ ಸಲವೂ ಗೆದ್ದರೆ ಸತತ ಮೂರು ಸಲವಾಗಿ, ಕಪ್ಪು ಶಾಶ್ವತವಾಗಿ ಅವರದು. ಕ್ಲಿನಿಕ್ಕಿನಲ್ಲಿ ಗಾಜಿನ ಕಪಾಟು ಆಗಲೇ ಸಿದ್ಧವಾಗಿತ್ತು. ಬಾಯಿಗೆ ಹತ್ತಿ ತುರುಕಿಸಿಕೊಂಡು ಮಲಗಿದ ರೋಗಿಗಳಿಗೆಲ್ಲ ವಿಷಯ ಹೇಳಿಯಾಗಿತ್ತು, ಒಬ್ಬರೂ ಎದುರು ಮಾತಾಡಿರಲಿಲ್ಲ. ಬಾಯಲ್ಲಿ ಹತ್ತಿ ಇಲ್ಲದ ಹೆಂಡತಿ ಮಾತ್ರ, ಕಪಾಟು ಖಾಲಿ ಉಳಿದರೆ ನಿಮ್ಮನ್ನೇ ಅದರೊಳಗೆ ನಿಲ್ಲಿಸುತ್ತೇನೆ ಎಂದಿದ್ದಳು.

ಈಗ ಈ ನುಣುಪು ಕಾಲು. ಬಲವಿದ್ದೂ ಬಡವನ ವೇಷ ಹಾಕಿ, ಆಮೆಗಳ ನಡುವೆ ನುಸುಳಿ ಕಪ್ಪು ಹೊಡೆಯುವ ಕಳ್ಳ. ಇಂಥವರ ಪಟ್ಟುಗಳೆಲ್ಲ ಡಾಕ್ಟರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ದೂರು ಕೊಟ್ಟರೆ ಸಾಕ್ಷಿ ಕೇಳುತ್ತಾರೆ. ಅದಕ್ಕಿಂತ ಸುಲಭದ ಉಪಾಯವಿತ್ತು: ಇವತ್ತೇ ಅವನನ್ನು ಗೆಲ್ಲಿಸಿಬಿಡುವುದು. ಗೆದ್ದರೆ ಮೂರನೇ ಗುಂಪಿಗೆ ತೊಲಗುತ್ತಾನೆ. ಕಪ್ಪಿನ ದಿನ ದಾರಿ ಖಾಲಿ.

ಸೀಟಿ ಮೊಳಗಿತು. ಡಾಕ್ಟರು ನೇರ ಅವನ ಮುಂದೆ ಹೋಗಿ, ನನ್ನ ಬೆನ್ನಿಗೇ ಬಾ, ಗಾಳಿ ತಾಗುವುದಿಲ್ಲ ಎಂದು ಕರೆದರು.

“ಹಿಂದೇನೇ ಇರ್ತೀನಿ ಅಣ್ಣ,” ಎಂದ ಅವನು. “ಮುಂದೆ ಹೋಗೋದು ನನ್ನ ಕೈಲಿ ಆಗಲ್ಲ.”

ಎಂಥ ನಟ, ಎಂದುಕೊಂಡರು ಡಾಕ್ಟರು. ಅವನು ಒಂದು ಕ್ಷಣವೂ ಮುಂದೆ ಬರಲಿಲ್ಲ, ಎದುರುಗಾಳಿಯ ಪಾಲು ಒಂದಿಷ್ಟೂ ಹೊರಲಿಲ್ಲ. ಸಾಯುವವನಂತೆ ಏದುಸಿರು. ತಿರುವಿನಲ್ಲಿ ಕುಡಿದವನ ಹಾಗೆ ಓಲಾಟ. ಗುಡ್ಡ ಶುರುವಾದಾಗ ಗುಂಪು ಚೆಲ್ಲಾಪಿಲ್ಲಿಯಾಯಿತು. ಬೇಕರಿಯವ ಇಳಿದು ಸೈಕಲ್ಲು ತಳ್ಳತೊಡಗಿದ. ಡಾಕ್ಟರು ಮಾತ್ರ ಕತ್ತು ಹಿಂದಕ್ಕೆ ತಿರುಗಿಸಿ, ಗಿಯರು ಯಾವಾಗ ಬದಲಿಸಬೇಕೆಂದು ಪಾಠ ಹೇಳಿದರು. ತಮ್ಮ ಬೆರಳು ಕಚ್ಚಿದ ರೋಗಿಯೊಬ್ಬನ ಕಥೆಯನ್ನು ಆದಿಯಿಂದ ಅಂತ್ಯದವರೆಗೆ, ಆ ರೋಗಿಯದೇ ದನಿಯಲ್ಲಿ ಅಭಿನಯಿಸಿದರು. ಕಳ್ಳ ನಕ್ಕು ಉಸಿರು ಸಡಿಲಿಸಿದರೆ ಬಣ್ಣ ಬಯಲಾದೀತೆಂಬ ಆಸೆ. ಅವನು ನಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದ.

ಕೊನೆಯ ಗೆರೆ ಹತ್ತಿರವಾದಾಗ ಹಿಂದೆ ಕಣ್ಣು ಹಾಯಿಸಿದಷ್ಟು ದೂರ ಯಾರೂ ಇರಲಿಲ್ಲ. ಡಾಕ್ಟರು ಚೈನು ಜಾರಿದವರಂತೆ ಮುಖ ಕಿವುಚಿ ಬ್ರೇಕು ಹಿಡಿದರು. ನುಣುಪು ಕಾಲು ಅವರನ್ನು ದಾಟಿತು, ಗೆರೆ ದಾಟಿತು, ಚಪ್ಪಾಳೆ ತಟ್ಟುತ್ತಿದ್ದವರನ್ನೂ ದಾಟಿ ಹೋಗಿ ಬೇಲಿಯೊಳಗೆ ಹೊಕ್ಕಿತು.

ಮೇಡಂ ಆಗಲೇ ಘೋಷಿಸಿದರು: ಮುಂದಿನ ವಾರ ಈತ ಮೂರನೇ ಗುಂಪು. ಡಾಕ್ಟರು ನಗು ಕಾಣಬಾರದೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಬೇಲಿಯಿಂದ ಎಳೆದು ತಂದವನ ತಲೆತುಂಬ ಎಲೆ. ಅವನು ಕೈ ಮುಗಿದುಬಿಟ್ಟ. ಮೂರನೇ ಗುಂಪು ಬೇಡವೇ ಬೇಡ, ಸೈಕಲ್ಲು ಕಲಿತಿದ್ದೇ ಹೋದ ತಿಂಗಳು ಎಂದ. ಸೈಕಲ್ಲು ಅಕ್ಕನ ಗಂಡನದು. ಕಾಲು ಬೋಳಿಸುವುದನ್ನು ವಿಡಿಯೋ ನೋಡಿ ಕಲಿತದ್ದು, ಇಡೀ ಕ್ರೀಡೆಯಲ್ಲಿ ಅವನಿಗೆ ಬಂದದ್ದು ಅದೊಂದೇ. ನಿಲ್ಲಿಸಲು ಇನ್ನೂ ಸರಿಯಾಗಿ ಬರದು, ಮೊದಲು ಬಂದದ್ದೂ ಅದಕ್ಕೇ.

“ಗೆದ್ದಿದ್ದು ನಾನಲ್ಲ ಮೇಡಂ, ಗೆಲ್ಸಿದ್ದು ಈ ಅಣ್ಣ,” ಎಂದು ಅವನು ಡಾಕ್ಟರ ಕೈ ಹಿಡಿದುಕೊಂಡ. “ದೇವ್ರಂಥ ಮನುಷ್ಯ. ದಾರಿಯುದ್ದಕ್ಕೂ ಗಾಳಿನೆಲ್ಲ ಅವರೇ ತಗೊಂಡ್ರು. ಗುಡ್ಡ ಹತ್ತೋವಾಗ ಒಂದು ಸಲಾನೂ ನಿಲ್ಲಿಸದೆ ಕಥೆ ಹೇಳಿದ್ರು. ಯಾವಾಗ ಉಸಿರು ತಗೊಂಡ್ರೋ ನಂಗೆ ಗೊತ್ತಾಗಲೇ ಇಲ್ಲ.”

ಮೇಡಂ ಕನ್ನಡಕ ತೆಗೆದರು. “ಇಡೀ ಗುಡ್ಡ?”

“ಇಡೀ ಗುಡ್ಡ ಮೇಡಂ. ಒಂದೇ ಕೈಯಲ್ಲಿ ಹಿಡ್ಕೊಂಡು, ಇನ್ನೊಂದರಲ್ಲಿ ಹಲ್ಲು ಕೀಳೋದು ಹೇಗೆ ಅಂತ ತೋರಿಸ್ತಾ.”

ಟವೆಲಿನ ಹಿಂದಿನ ನಗು ನಿಂತುಹೋಯಿತು.

“ಡಾಕ್ಟ್ರೇ,” ಎಂದರು ಮೇಡಂ, ಬಹಳ ಮೆಲ್ಲಗೆ, “ಮುಂದಿನ ವಾರ ಸ್ವಲ್ಪ ಬೇಗ ಏಳಿ. ಒಂದನೇ ಗುಂಪು ಬೆಳಕು ಹರಿಯೋ ಮುಂಚೆನೇ ಹೊರಡುತ್ತೆ.”