ಅಡ್ಡ ಬರದ ಓದು

ಪ್ರಿಯಂವದಾ ಕಾಫಿ ತಟ್ಟೆ ಹಿಡಿದು ಹಜಾರಕ್ಕೆ ಬಂದಾಗ ತಮ್ಮ ಅಮೋಘ್ ಇಸ್ಪೀಟು ಕಲೆಸುತ್ತಾ ಉಪದೇಶ ಮಾಡುತ್ತಿದ್ದ. ಬಾಯಲ್ಲಿ ಬೋಂಡ. ಎಣ್ಣೆ ಹತ್ತಿದ ಬೆರಳನ್ನು ನೆಕ್ಕಿ ಅದೇ ಬೆರಳಲ್ಲಿ ಎಲೆ ಎತ್ತಿದ.

"ಪೋಕರ್ ಜೂಜಲ್ಲ ಆಂಟಿ. ನಾವು ದುಡ್ಡಿಟ್ಟು ಆಡಲ್ಲ. ತಲೆಗೆ ಕಸರತ್ತು, ಅಷ್ಟೇ."

ಪಕ್ಕದ ಮನೆಯ ರುದ್ರಮ್ಮ, ಕೇಳಿಸಿಕೋ ಎಂಬಂತೆ, ಪಿಯುಸಿ ಓದುವ ಮಗಳು ಶೈಲಶ್ರೀಯನ್ನು ತಿವಿದರು. ಬೆಳಗ್ಗೆ ಅಮೋಘನ ಆನ್‌ಲೈನ್ ಬಿ.ಕಾಂ. ಫಲಿತಾಂಶ ಬಂದಿತ್ತು. ಡಿಸ್ಟಿಂಕ್ಷನ್. ತಾಯಿ ಸುಬ್ಬಲಕ್ಷ್ಮಿ ಚಿಕ್ಕಬಾಣಾವರದ ಆ ಬೀದಿಗೆಲ್ಲ ಮೈಸೂರುಪಾಕ್ ಹಂಚಿ ಬಂದಿದ್ದರು.

"ಇವಳಿಗೂ ಸ್ವಲ್ಪ ಬುದ್ಧಿ ಹೇಳೋ," ಎಂದರು ಸುಬ್ಬಲಕ್ಷ್ಮಿ ಮಗನಿಗೆ, ಪ್ರಿಯಂವದಾಳತ್ತ ನೋಡಿ. ಆಮೇಲೆ ರುದ್ರಮ್ಮನ ಕಡೆ ತಿರುಗಿದರು. "ಪಿಯುಸಿ ಮುಗಿಸಿ ಮನೇಲಿ ಕೂತಿದ್ದಾಳೆ ಕಣ್ರೀ. ಬಾಗಿಲು ಹಾಕ್ಕೊಂಡು ಕಿವಿಗೆ ಅದೇನೋ ಸಿಕ್ಕಿಸ್ಕೊಂಡ್ರೆ ಕೂಗಿದ್ರೂ ಕೇಳಲ್ಲ. ಪರೀಕ್ಷೆ ದಿನ ಅವನು ಸದ್ದಿಲ್ಲದ ಜಾಗ ಬೇಕು ಅಂತ ಇವಳ ರೂಮಿಗೆ ಹೋದ್ರೆ, ಎದ್ದು ಆಚೆ ಬರಬಾರದಾ? ಅಲ್ಲೇ ಕೂತಿರ್ತಾಳೆ!"

ಪ್ರಿಯಂವದಾ ಕಾಫಿ ಲೋಟಗಳನ್ನು ಹಂಚಿದಳು. ಕಾರ್ಖಾನೆಯಿಂದ ನಿವೃತ್ತರಾದ ವರ್ಷ ಅಪ್ಪ ನಾಣಿ ಹೇಳಿದ್ದರು: ಇಬ್ಬರನ್ನೂ ಓದಿಸೋಕೆ ನನ್ನಿಂದಾಗಲ್ಲ, ಹುಡುಗ ಓದಲಿ. ಅಂದು ಅವಳು ಎದುರು ಮಾತಾಡಿರಲಿಲ್ಲ.

"ಅಣ್ಣ, ಇಷ್ಟು ಆಡಿದ್ರೆ ಓದು ಕೆಡಲ್ವಾ?" ಶೈಲಶ್ರೀ ಕೇಳಿದಳು.

"ಒಂದು ದಿನಾನೂ ಆಟ ಓದಿಗೆ ಅಡ್ಡ ಬಂದಿಲ್ಲ. ಓದು ಆಟಕ್ಕೆ ಅಡ್ಡ ಬಂದಿಲ್ಲ. ಬೇಕಾದ್ರೆ ಅಕ್ಕನ್ನ ಕೇಳು."

"ಅದಂತೂ ನಿಜ," ಎಂದಳು ಪ್ರಿಯಂವದಾ. ಎಲ್ಲರೂ ನಕ್ಕರು. ಅಮೋಘ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಾಣಿಯ ಕಣ್ಣು ತುಂಬಿಬಂದಿತ್ತು. "ಎಂಬಿಎಗೂ ಸೇರಿಸ್ತೀನಿ. ಎಷ್ಟು ಬೇಕಾದ್ರೂ ಓದಲಿ."

"ಥ್ಯಾಂಕ್ಸ್ ಅಪ್ಪಾ. ಇನ್ನೆರಡು ವರ್ಷ ಅಕ್ಕ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು, ಅಷ್ಟೇ." ಅಮೋಘ್ ಅವಳಿಗೆ ಕಣ್ಣು ಮಿಟುಕಿಸಿದ.

ಅವಳಿಗೆ ಅವನ ಮೇಲೆ ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ತನ್ನ ಮೇಲೆ. ತಟ್ಟೆಯನ್ನು ಇಸ್ಪೀಟಿನ ಮೇಲೇ ಕುಕ್ಕಿ, ಅಪ್ಪನ ಕಡೆ ತಿರುಗಿದಳು.

"ಈ ಸಲ ನನ್ನ ಹೆಸರಲ್ಲೇ ಸೇರಿಸಿ ಅಪ್ಪಾ. ಬಿ.ಕಾಂ.ನ ಅಷ್ಟೂ ಪಾಠ ಕೇಳಿದ್ದು ನಾನು, ಅಷ್ಟೂ ಪರೀಕ್ಷೆ ಬರೆದಿದ್ದು ನಾನು. ಇವನು ನನ್ನ ಹಾಸಿಗೆ ಮೇಲೆ ಬಿದ್ಕೊಂಡು ಪೋಕರ್ ಆಡ್ತಿದ್ದ."